ಪಚ್‌ಮಢಿಯ ಅಳಿಲು ಬಂಡೀಪುರದಲ್ಲಿ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ಕಡಕೊಳದ ಪ್ರೌಢಶಾಲೆಯೊಂದರಲ್ಲಿ ನನ್ನ ಪಾಲಿಗೆ ಬಂದದ್ದು ಎಂಟನೇ ತರಗತಿಯ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಘಟಕ. ಈ ಪಾಠ ಮಾಡಿದವರಿಗೆ ನೆನಪಿರಬಹುದು. ಪುಸ್ತಕದ ಮಕ್ಕಳು ಪ್ರಾಧ್ಯಾಪಕರೊಬ್ಬರ ಜೊತೆ ಕಾಡು ನೋಡಲು ಹೋಗುತ್ತಾರೆ, ಅರಣ್ಯ ರಕ್ಷಕರೊಬ್ಬರು ಅವರಿಗೆ ಎಲ್ಲವನ್ನೂ ವಿವರಿಸುತ್ತಾರೆ. ಆ ಕಾಡು ಮಧ್ಯಪ್ರದೇಶದ ಪಚ್‌ಮಢಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಜೀವಗೋಳ ಮೀಸಲು ಪ್ರದೇಶ, ಹೀಗೆ ಪ್ರತಿ ಪರಿಕಲ್ಪನೆಗೂ ಉದಾಹರಣೆ ಸಾತ್ಪುರ ಬೆಟ್ಟಗಳದ್ದೇ.

ಉದಾಹರಣೆ ಕೆಟ್ಟದ್ದೇನಲ್ಲ. ಆದರೆ ನಮ್ಮ ಶಾಲೆಯ ಗೇಟಿನಿಂದ ಊಟಿ ರಸ್ತೆ ಹಿಡಿದರೆ ಸುಮಾರು ಅರವತ್ತೈದು ಕಿಲೋಮೀಟರಿಗೆ ಬಂಡೀಪುರ. ಭಾರತದ ಮೊದಲ ಜೀವಗೋಳ ಮೀಸಲು ಪ್ರದೇಶವೆಂದು 1986ರಲ್ಲಿ ಘೋಷಣೆಯಾದ ನೀಲಗಿರಿಗೆ ಬಂಡೀಪುರವೂ ಸೇರಿದೆ. 5,520 ಚದರ ಕಿಲೋಮೀಟರಿನ ಆ ಪ್ರದೇಶ ಕರ್ನಾಟಕ, ತಮಿಳುನಾಡು, ಕೇರಳ ಮೂರರಲ್ಲೂ ಹರಡಿದೆ. ಪಚ್‌ಮಢಿಗೆ ಆ ಸ್ಥಾನ ಸಿಕ್ಕಿದ್ದು 1999ರಲ್ಲಿ. ತರಗತಿಯಲ್ಲಿದ್ದ ಮೂವತ್ತೆಂಟು ಮಕ್ಕಳಲ್ಲಿ ಬಂಡೀಪುರ ನೋಡಿದ್ದವರು ಏಳು ಜನ. ಅವರಲ್ಲಿ ನಾಲ್ವರು ಊಟಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದವರು. ಹೊರಸಂಚಾರ ಮಾಡಿಸಲೇಬೇಕೆಂದು ನಾನು ಹಟ ಹಿಡಿದದ್ದು ಈ ಲೆಕ್ಕದಿಂದ.

ಅನುಮತಿ ಪತ್ರ, ಪೋಷಕರ ಒಪ್ಪಿಗೆ, ಬಸ್ಸಿನ ಹಣ ಇವುಗಳ ಕಥೆ ಹೇಳಲು ಹೋಗುವುದಿಲ್ಲ. ಪ್ರತಿ ವರ್ಷ ಈ ಪತ್ರಿಕೆಯಲ್ಲಿ ಯಾರಾದರೂ ಅದನ್ನು ಬರೆದೇ ಬರೆಯುತ್ತಾರೆ. ನನ್ನ ಮಾರ್ಗದರ್ಶಿ ಶಿಕ್ಷಕಿ ಜೊತೆ ನಿಲ್ಲದಿದ್ದರೆ ಬಸ್ಸು ಹೊರಡುತ್ತಿರಲಿಲ್ಲ ಎಂಬಷ್ಟು ಸಾಕು. ಪಾಠವನ್ನು ಹೊರಸಂಚಾರದ ಮುಂಚೆ ಮಾಡುವುದೋ ನಂತರವೋ ಎಂಬ ಚರ್ಚೆ ಮಾತ್ರ ಮುಖ್ಯ. ನಾನು ನಂತರ ಎಂದೆ. 5ಇ ಮಾದರಿಯಲ್ಲಿ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ ಎರಡೂ ಬೆಟ್ಟದ ಮೇಲೆ ಆಗಲಿ, ವಿವರಣೆ ತರಗತಿಗೆ ಬಂದ ಮೇಲೆ ಎಂದು ಯೋಜನೆ ಬರೆದೆ. ಮಕ್ಕಳಿಗೆ ಹೇಳಿದ್ದು ಇಷ್ಟೇ: ಪಾಠವನ್ನು ಮನೆಯಲ್ಲಿ ಒಮ್ಮೆ ಓದಿಕೊಂಡು ಬನ್ನಿ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಸ್ವೆಟರ್.

ನಂಜನಗೂಡಿನಲ್ಲಿ ಕಪಿಲೆಯ ಮೇಲಿನ 1735ರ ಹಳೆಯ ಸೇತುವೆಯನ್ನು ತೋರಿಸಿ, ಬೇಗೂರು ದಾಟಿ, ಗುಂಡ್ಲುಪೇಟೆಯಲ್ಲಿ ತಿಂಡಿ ಮುಗಿಸಿದೆವು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು. ಫೋಟೊಗಾಗಿ ಕಾರು ನಿಲ್ಲಿಸಿದ್ದವರನ್ನು ನೋಡಿ ಮಕ್ಕಳು ನಕ್ಕರು. ಹೊಲ ನೋಡಲು ಅಷ್ಟು ದೂರದಿಂದ ಬರುತ್ತಾರೆಂದು ಅವರಿಗೆ ನಂಬಿಕೆಯಾಗಲಿಲ್ಲ. ಹಂಗಳದಲ್ಲಿ ಬಲಕ್ಕೆ ತಿರುಗುವಾಗ ಒಬ್ಬ ಹುಡುಗ ಎದ್ದು ನಿಂತ. “ಮಿಸ್, ನಮ್ಮಜ್ಜಿ ಊರು ಇಲ್ಲೇ ಒಳಗದೆ. ಟೊಮ್ಯಾಟೊ ಹಾಕವ್ರೆ. ರಾತ್ರಿ ಆನೆ ಬಂದ್ರೆ ನಮ್ಮಾವ ಪಟಾಕಿ ಹೊಡೀತಾನೆ.” ಆನೆ ಕಂದಕ, ಸೋಲಾರ್ ಬೇಲಿ ಅವನ ಬಾಯಲ್ಲಿ ಸಲೀಸಾಗಿ ಬಂದವು. ಸಂರಕ್ಷಣೆಯ ಪಾಠದಲ್ಲಿ ಕಾಡಿನಂಚಿನ ರೈತನಿಗೆ ಜಾಗವಿಲ್ಲ. ಅವನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು ಎಂದೆ. ಅಂದು ಬಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಒಂದು ಪುಟ ತುಂಬಿಸಿದವನು ಅವನೇ.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ನಮ್ಮ ಬಸ್ಸು ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು, ಖಾಸಗಿ ವಾಹನ ಮೇಲೆ ಬಿಡುವುದಿಲ್ಲ. ಬೆಟ್ಟದ ಎತ್ತರ 1,454 ಮೀಟರ್. ಪ್ರಯೋಗಾಲಯದಿಂದ ತಂದಿದ್ದ ಉಷ್ಣಮಾಪಕ ಬುಡದಲ್ಲಿ 25 ಡಿಗ್ರಿ ತೋರಿಸಿತು, ತುದಿಯಲ್ಲಿ ಮಂಜಿನೊಳಗೆ 21. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಕೊಟ್ಟು, ಹಾಗಾದರೆ ನಾವು ಎಷ್ಟು ಮೀಟರ್ ಹತ್ತಿರಬಹುದು ಎಂದು ಕೇಳಿದೆ. ಆರುನೂರು ಚಿಲ್ಲರೆ ಎಂದರು. ಮಂಜು, ಗಾಳಿ ಎರಡೂ ಲೆಕ್ಕ ಕೆಡಿಸುತ್ತವೆ ಎಂಬುದನ್ನು ಒಬ್ಬಳು ತಾನಾಗಿಯೇ ಸೇರಿಸಿದಳು. ಮಂಜು ಸರಿದಾಗ ಕೆಳಗೆ ಹುಲ್ಲಿನ ಇಳಿಜಾರು, ಇಳಿಜಾರಿನ ಮಡಿಲಲ್ಲಿ ಮಾತ್ರ ಗುಂಪುಗಟ್ಟಿದ ಶೋಲಾ ಮರಗಳು. ಮರ ಯಾಕೆ ಹಳ್ಳದ ಬದಿಯಲ್ಲೇ ನಿಂತಿವೆ ಎಂಬ ಪ್ರಶ್ನೆಗೆ ನೀರು ಎಂದು ನಾಲ್ಕು ಕಡೆಯಿಂದ ಉತ್ತರ ಬಂತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದಾಗ ಈ ಬೆಟ್ಟವೂ ಉರಿದದ್ದನ್ನು ಹೇಳಿದೆ. ಹಸಿರು ನೋಡುತ್ತಾ ನಿಂತವರಿಗೆ ಅದು ಸುಳ್ಳು ಹೇಳಿದಂತೆ ಕೇಳಿಸಿರಬೇಕು.

ಈ ಬೆಟ್ಟದ ಬಗ್ಗೆ ಒಂದು ಐತಿಹ್ಯವಿದೆ. ಇಲ್ಲಿನ ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸವಾಯಿತಂತೆ, ಅಂದಿನಿಂದ ಬೆಟ್ಟದ ಮೇಲೆ ಕಾಗೆ ಇಲ್ಲವಂತೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ಬೇಕೆ? ನಾಲ್ಕು ಗುಂಪು ಮಾಡಿ ಒಂದು ಗಂಟೆ ಕಾಗೆ ಹುಡುಕಿಸಿದೆ. ಎಲ್ಲ ಗುಂಪಿನದ್ದೂ ಸೊನ್ನೆ. “ಹಂಗಾರೆ ಕಥೆ ನಿಜ” ಎಂದರು ಕೆಲವರು. ಮಂಜಿನಲ್ಲಿ ಎದುರಿಗಿದ್ದ ಗೋಪುರವೇ ಕಾಣುತ್ತಿರಲಿಲ್ಲ, ಕಾಗೆ ಕಂಡೀತೇ ಎಂದು ಉಳಿದವರು ಜಗಳಕ್ಕೆ ನಿಂತರು. ಎಷ್ಟು ಗಂಟೆ ಹುಡುಕಿದರೆ ಇಲ್ಲವೇ ಇಲ್ಲ ಎನ್ನಬಹುದು ಎಂದು ಕೇಳಿ ಬಿಟ್ಟುಬಿಟ್ಟೆ. ಕಥೆಯನ್ನು ಹೀಗಳೆಯುವುದು ನನ್ನ ಉದ್ದೇಶವಾಗಿರಲಿಲ್ಲ. ಪೂಜೆ ಮಾಡಿಸಲು ತಾಯಿ ಕೊಟ್ಟ ತೆಂಗಿನಕಾಯಿ ಕೆಲವರ ಚೀಲದಲ್ಲೇ ಇತ್ತು.

ಬಂಡೀಪುರಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ಮೈಸೂರು ಮಹಾರಾಜರ ಕಾಲದಲ್ಲಿ, 1931ರಲ್ಲಿ, ಇಲ್ಲಿ 90 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಆ ಹೆಸರು ನಾವು ಆಗಷ್ಟೇ ಇಳಿದು ಬಂದ ಬೆಟ್ಟದ ದೇವರದ್ದೇ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿಕೊಂಡ ಕಾಡುಗಳಲ್ಲಿ ಇದೂ ಒಂದು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಈ ಹೆದ್ದಾರಿ ಮುಚ್ಚಿರುತ್ತದೆ, 2009ರಿಂದ ಹೀಗೆ ಎಂದಾಗ ಮಕ್ಕಳಿಗೆ ಹುಲಿಗಿಂತ ಇದೇ ಹೆಚ್ಚು ಸೋಜಿಗವೆನಿಸಿತು. ಪ್ರಾಣಿಗಳಿಗಾಗಿ ರಸ್ತೆ ಬಂದ್!

ಸಫಾರಿ ಬಸ್ಸಿನಲ್ಲಿ ಹುಲಿ ಕಾಣಲಿಲ್ಲ. ಜಿಂಕೆ ಬೇಕಾದಷ್ಟು. ರಸ್ತೆಯುದ್ದಕ್ಕೂ ಲಂಟಾನದ ಪೊದೆ. ಒಂದೂವರೆ ಶತಮಾನಕ್ಕೂ ಹಿಂದೆ ತೋಟದ ಅಂದಕ್ಕೆಂದು ದೇಶಕ್ಕೆ ತಂದ ಗಿಡ ಇವತ್ತು ಹುಲ್ಲು ಬೆಳೆಯಬೇಕಾದ ಜಾಗವನ್ನೆಲ್ಲ ತಿಂದಿದೆ. ಆಮೇಲೆ ಒಂದು ತಿರುವಿನಲ್ಲಿ ಐದಾರು ಕಾಟಿಗಳು, ಬಿಳಿ ಕಾಲುಚೀಲ ಹಾಕಿಕೊಂಡಂತೆ, ನಮ್ಮನ್ನು ಲೆಕ್ಕಿಸದೆ ನಿಂತಿದ್ದವು. ಅವುಗಳ ಮೇಲಿನ ಮರದಲ್ಲಿ ಯಾರದೋ ಕೂಗು: “ಅಗೋ ಅಲ್ಲಿ!” ಕೊಂಬೆಯ ಮೇಲೆ ಉದ್ದ ಬಾಲ ಇಳಿಬಿಟ್ಟುಕೊಂಡು ಕೆಂದಳಿಲು.

ಮೂರನೇ ಸೀಟಿನ ಹುಡುಗಿ, ತರಗತಿಯಲ್ಲಿ ಹೆಚ್ಚು ಮಾತಾಡದವಳು, ನನ್ನ ಕಡೆ ತಿರುಗಿದಳು. “ಮಿಸ್, ಇದು ಪುಸ್ತಕದಲ್ಲಿರೋ ಅಳಿಲಲ್ವಾ? ಅದು ಪಚ್‌ಮಢೀಲಿ ಮಾತ್ರ ಇರೋದು ಅಂತ ಬರ್ದದೆ. ಕಾಡೆಮ್ಮೆನೂ ಅಂಗೇ ಬರ್ದದೆ. ಇಲ್ಯಾಕವೆ?”

ಅವಳು ಸರಿಯಾಗಿಯೇ ಓದಿದ್ದಳು. ಒಂದು ಪ್ರದೇಶಕ್ಕೆ ಮಾತ್ರ ಸೀಮಿತವಾಗಿದ್ದು ಬೇರೆಲ್ಲೂ ಸಹಜವಾಗಿ ಕಂಡುಬರದ ಜೀವಿಯೇ ಸ್ಥಾನಿಕ ಪ್ರಭೇದ ಎಂದು ಪಾಠ ಹೇಳುತ್ತದೆ. ಅದರ ಪಕ್ಕದಲ್ಲೇ ಪಚ್‌ಮಢಿಯ ಸ್ಥಾನಿಕ ಪ್ರಾಣಿಗಳೆಂದು ಕಾಡೆಮ್ಮೆ, ದೊಡ್ಡ ಅಳಿಲು, ಹಾರುವ ಅಳಿಲುಗಳನ್ನು ಕೊಡುತ್ತದೆ. ವ್ಯಾಖ್ಯೆ ಸರಿ. ಉದಾಹರಣೆ ಆ ವ್ಯಾಖ್ಯೆಗೆ ಹೊಂದುವುದಿಲ್ಲ. ಬಸ್ಸಿನಲ್ಲಿ ಅವಳಿಗೆ ನಾನು ಕೊಟ್ಟ ಉತ್ತರ, “ನೀನು ಕಂಡದ್ದನ್ನು ದಿನಾಂಕ, ಸಮಯ, ಜಾಗ ಹಾಕಿ ಬರೆದುಕೊ. ಸೋಮವಾರ ಇದೇ ನಮ್ಮ ಪಾಠ.”

ಸೋಮವಾರ ಗೋಡೆಯ ಮೇಲೆ ದಕ್ಷಿಣ ಏಷ್ಯಾದ ನಕ್ಷೆ ಹಾಕಿ, ಒಂದೊಂದು ಜೀವಿಗೆ ಒಂದೊಂದು ಬಣ್ಣದ ಚೀಟಿ ಅಂಟಿಸಿದೆವು. ಕೆಂದಳಿಲಿನ ಚೀಟಿ ಪಚ್‌ಮಢಿಯಲ್ಲಿ, ಬಂಡೀಪುರದಲ್ಲಿ, ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅದು ಮಹಾರಾಷ್ಟ್ರದ ರಾಜ್ಯ ಪ್ರಾಣಿ, ಅಲ್ಲಿ ಅದಕ್ಕೆ ಶೇಕರು ಎನ್ನುತ್ತಾರೆ. ಕಾಟಿಯ ಚೀಟಿ ನೇಪಾಳ, ಮ್ಯಾನ್ಮಾರ್ ದಾಟಿ ನಕ್ಷೆಯ ಅಂಚಿನಾಚೆ ಮಲೇಷ್ಯಾದ ಕಡೆಗೆ ಹೋಯಿತು. ಪಾಠದಲ್ಲಿ ಸ್ಥಾನಿಕ ಸಸ್ಯವೆಂದು ಬಂದಿರುವ ಸಾಲ್ ಮರ ಜಾರ್ಖಂಡ್, ಅಸ್ಸಾಂ, ಹಿಮಾಲಯದ ತಪ್ಪಲು ಎಲ್ಲೆಡೆ. ಹಾಗಾದರೆ ನಿಜವಾದ ಸ್ಥಾನಿಕ ಪ್ರಭೇದ ಯಾವುದು? ಸಿಂಗಳೀಕದ ಚೀಟಿಗಳೆಲ್ಲ ಪಶ್ಚಿಮ ಘಟ್ಟದೊಳಗೇ ಉಳಿದವು. ನೀಲಗಿರಿ ತಾರ್ ಅದಕ್ಕಿಂತ ಚಿಕ್ಕ ಜಾಗದಲ್ಲಿ, ತಮಿಳುನಾಡು, ಕೇರಳದ ಎತ್ತರದ ಹುಲ್ಲುಗಾವಲುಗಳಲ್ಲಿ. ಇಷ್ಟು ಕಂಡ ಮೇಲೆ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳಲಿಲ್ಲ.

ಕಾಗೆಯ ಮಾತು ಮತ್ತೆ ಬಂತು, ತಂದವರು ಮಕ್ಕಳೇ. ಮೂವತ್ತೆಂಟು ಜನ ಒಂದು ಗಂಟೆ ಹುಡುಕಿದರೂ ಬೆಟ್ಟದಲ್ಲಿ ಕಾಗೆ ಇಲ್ಲವೆಂದು ಖಚಿತವಾಗಿ ಹೇಳಲಾಗಲಿಲ್ಲ, ಆದರೆ ಒಂದೇ ಒಂದು ಅಳಿಲು ಕಂಡದ್ದಕ್ಕೆ ‘ಬೇರೆಲ್ಲೂ ಇಲ್ಲ’ ಎಂಬ ಮಾತು ಬಿದ್ದುಹೋಯಿತು. ಇದು ಹೇಗೆ? ಈ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟೆ. ಪಾಠ ಯೋಜನೆಯಲ್ಲಿ ಅದಕ್ಕೆ ಸಮಯ ಇರಲಿಲ್ಲ. ಮೌಲ್ಯಮಾಪನದ ಹಂತವನ್ನು ಮರುದಿನಕ್ಕೆ ದೂಡಿದೆ. ಇಡೀ ಬೋಧನಾಭ್ಯಾಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಹತ್ತು ನಿಮಿಷ ಅವು.

ಪಾಠ ವೀಕ್ಷಣೆಯ ನಂತರದ ಚರ್ಚೆ ಇಷ್ಟು ಸುಲಭವಾಗಿರಲಿಲ್ಲ. ಸಹಪಾಠಿ ವೀಕ್ಷಕರೊಬ್ಬರು ನೇರವಾಗಿ ಹೇಳಿದರು: ಎಂಟನೇ ತರಗತಿಯ ಮಕ್ಕಳ ಮುಂದೆ ಪುಸ್ತಕ ತಪ್ಪು ಎಂದರೆ ಅವರು ನಾಳೆ ಯಾವುದನ್ನು ನಂಬಬೇಕು? ಪರೀಕ್ಷೆಯಲ್ಲಿ ‘ಪಚ್‌ಮಢಿಯ ಸ್ಥಾನಿಕ ಪ್ರಾಣಿಗಳನ್ನು ಹೆಸರಿಸಿ’ ಎಂದು ಬಂದರೆ ಏನು ಬರೆಯಬೇಕು? ಎರಡನೇ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಪ್ರೌಢಶಾಲೆ ಮೆಟ್ಟಿಲು ಹತ್ತಿದವರು ಅವರೇ ಮೊದಲು. ಅವರಿಗೆ ಒಂದು ಅಂಕ ಒಂದು ಅಂಕವೇ. ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ ಮಾದರಿ ಉತ್ತರವಿರುತ್ತದೆ, ಬಂಡೀಪುರದ ಅಳಿಲು ಇರುವುದಿಲ್ಲ.

ಮಾರ್ಗದರ್ಶಿ ಶಿಕ್ಷಕಿಯ ನಿಲುವು ಬೇರೆ. “ಪುಸ್ತಕದಲ್ಲಿ ಏನಿದೆ ಅಂತಲೂ ಗೊತ್ತಿರ್ಲಿ, ಕಾಡಲ್ಲಿ ಏನಿದೆ ಅಂತಲೂ ಗೊತ್ತಿರ್ಲಿ ಕಣಮ್ಮ. ಎರಡನ್ನೂ ಹೊರೋಕಾಗದಷ್ಟು ಚಿಕ್ಕವರಲ್ಲ ಅವರು” ಎಂದರು. ಒಂದು ಪ್ರದೇಶದಲ್ಲಿ ಸಹಜವಾಗಿ ಇರುವುದು, ಅಲ್ಲಿ ಮಾತ್ರ ಇರುವುದು, ಈ ಎರಡನ್ನೂ ಬೆರೆಸಿದ್ದರಿಂದ ಪಾಠದಲ್ಲಿ ಗೊಂದಲವಾಗಿರಬಹುದೆಂದು ನನಗನಿಸುತ್ತದೆ. ಅದನ್ನು ಮಕ್ಕಳಿಗೆ ಹಾಗೆಯೇ ಹೇಳಿದೆ. ‘ಪುಸ್ತಕ ತಪ್ಪು’ ಎಂದು ಹಲಗೆಯ ಮೇಲೆ ಬರೆಯಲಿಲ್ಲ. ಬದಲಿಗೆ ಎರಡು ಕಂಬಸಾಲು ಮಾಡಿದೆ: ‘ಪುಸ್ತಕ ಹೇಳುವುದು’, ‘ನಾವು ಕಂಡದ್ದು’. ಎರಡನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡರು.

ಘಟಕ ಪರೀಕ್ಷೆಯ ನೀಲನಕ್ಷೆ ನನ್ನ ಕೈಯಲ್ಲೇ ಇತ್ತು. ಹೆಸರಿಸಿ ಎಂಬ ಪ್ರಶ್ನೆ ಬಿಟ್ಟು, ‘ಒಂದು ಪ್ರಾಣಿ ನಿಮ್ಮ ಜಿಲ್ಲೆಯ ಕಾಡಿಗೆ ಸ್ಥಾನಿಕ ಎಂದು ಯಾರಾದರೂ ಹೇಳಿದರೆ ಅದನ್ನು ಹೇಗೆ ಪರೀಕ್ಷಿಸುವಿರಿ?’ ಎಂದು ಎರಡು ಅಂಕಕ್ಕೆ ಕೇಳಿದೆ. ಇಪ್ಪತ್ತಾರು ಮಕ್ಕಳು ಬೇರೆ ಕಾಡುಗಳಲ್ಲಿ ಹುಡುಕಬೇಕು ಎಂಬರ್ಥದಲ್ಲಿ ಬರೆದರು. ಐವರು ವ್ಯಾಖ್ಯೆ ಮಾತ್ರ ಬರೆದರು. ಉಳಿದವರು ಖಾಲಿ ಬಿಟ್ಟರು. ಅಜ್ಜಿಯ ಊರಿನ ಹುಡುಗ ಅರಣ್ಯ ಇಲಾಖೆಯವರನ್ನೂ, ಅವರಿಗಿಂತ ಮೊದಲು ರಾತ್ರಿ ಹೊಲ ಕಾಯುವವರನ್ನೂ ಕೇಳಬೇಕೆಂದು ಬರೆದಿದ್ದ. ಎರಡಕ್ಕೆ ಎರಡು ಕೊಟ್ಟೆ.

ನಮ್ಮ ಅವಧಿ ಮುಗಿದ ಮೇಲೆ ಶಾಲೆಯ ಸಂಕಲನಾತ್ಮಕ ಪರೀಕ್ಷೆ ನಡೆಯಿತು. ಹೆದರಿದ್ದ ಪ್ರಶ್ನೆಯೇ ಬಂದಿತ್ತೆಂದು ಮಾರ್ಗದರ್ಶಿ ಶಿಕ್ಷಕಿ ಫೋನು ಮಾಡಿ ತಿಳಿಸಿದರು. ಮೂರನೇ ಸೀಟಿನ ಹುಡುಗಿ ಪುಸ್ತಕದ ಉತ್ತರವನ್ನೇ ಪೂರ್ತಿ ಬರೆದು, ಕೆಳಗೆ ಒಂದು ಗೆರೆ ಎಳೆದು, ‘ಇವುಗಳಲ್ಲಿ ಎರಡನ್ನು ನಾನು ಬಂಡೀಪುರದಲ್ಲಿ ನೋಡಿದ್ದೇನೆ’ ಎಂದು ದಿನಾಂಕ, ಸಮಯ ಹಾಕಿದ್ದಳಂತೆ.

ಮುಂದಿನ ತಂಡದವರಿಗೆ ಒಂದು ಮಾತು. ಬೆಟ್ಟಕ್ಕೆ ಶನಿವಾರ ಹೋಗಬೇಡಿ, ಅದರಲ್ಲೂ ಶ್ರಾವಣ ಶನಿವಾರ ಬೇಡವೇ ಬೇಡ. ಬುಡದ ಬಸ್ಸಿಗೆ ಗಂಟೆಗಟ್ಟಲೆ ಸಾಲು ನಿಲ್ಲಬೇಕಾಗುತ್ತದೆ. ಉಷ್ಣಮಾಪಕ ಎರಡು ಒಯ್ಯಿರಿ, ನಮ್ಮದು ವಾಪಸು ಬರುವಾಗ ಬೇಗೂರಿನ ಹತ್ತಿರ ಒಡೆಯಿತು. ನಕ್ಷೆ, ಬಣ್ಣದ ಚೀಟಿಗಳನ್ನು ಕಾಲೇಜಿನ ವಿಜ್ಞಾನ ಪ್ರಯೋಗಾಲಯದ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ.