ಯಾರ ಮಾತು, ಎಷ್ಟನೇ ಪ್ಯಾರಾ

ಪ್ರಬಂಧ ಬರೆಯುವಾಗ ನನ್ನ ವಾದ ಎಲ್ಲಿ ತೆಳುವಾಗುತ್ತದೋ ಅಲ್ಲೇ ‘ಸುಪ್ರೀಂ ಕೋರ್ಟ್ ಹೇಳಿದೆ’ ಎಂದು ಬರೆಯುವ ಆಸೆ ಮೂಡುತ್ತದೆ. ಆ ಮಾತು ಬಂದಮೇಲೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲವೆಂಬ ಧೈರ್ಯ ಅದು. ನನ್ನ ಈ ಧೈರ್ಯವನ್ನೇ ಅನುಮಾನಿಸುವಂತೆ ಮಾಡಿದ್ದು ಕೇಶವಾನಂದ ಭಾರತಿ ಪ್ರಕರಣ.

ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ 1970ರಲ್ಲಿ ಸಲ್ಲಿಸಿದ ರಿಟ್ ಅರ್ಜಿಗೆ 1973ರ ಏಪ್ರಿಲ್ 24ರಂದು ತೀರ್ಪು ಬಂತು. ಅಡಿಟಿಪ್ಪಣಿಯಲ್ಲಿ ಅದು ಒಂದೇ ಸಾಲು: ಕೇಶವಾನಂದ ಭಾರತಿ ವಿರುದ್ಧ ಕೇರಳ ರಾಜ್ಯ, (1973) 4 ಎಸ್‌ಸಿಸಿ 225. ವರ್ಷ, ಸಂಪುಟ, ವರದಿಯ ಹೆಸರು, ತೀರ್ಪು ಶುರುವಾಗುವ ಪುಟ. ಇಷ್ಟನ್ನು ಕಲಿಯುವುದು ಕಷ್ಟವೇನಲ್ಲ. ಆದರೆ 225 ಬರೀ ಹೆಬ್ಬಾಗಿಲು. ಒಳಗೆ 13 ನ್ಯಾಯಮೂರ್ತಿಗಳಿದ್ದಾರೆ, 11 ಪ್ರತ್ಯೇಕ ತೀರ್ಪುಗಳಿವೆ, ಬಹುಮತ 7–6ರದು. ಬಹುಮತದ ಅಭಿಪ್ರಾಯವೆಂದು ಬರೆದ ಸಾರಾಂಶಕ್ಕೂ ಸಹಿ ಹಾಕಿದವರು 9 ಮಂದಿ ಮಾತ್ರ. ಇಲ್ಲಿ ‘ಕೋರ್ಟ್ ಹೇಳಿದೆ’ ಎಂದರೆ ಹೇಳಿದವರು ಯಾರು? ನ್ಯಾಯಮೂರ್ತಿಯ ಹೆಸರು, ಪ್ಯಾರಾ ಸಂಖ್ಯೆ ಎರಡೂ ಇಲ್ಲದಿದ್ದರೆ ಓದುಗ ಆ ಸಾಲನ್ನು ಹುಡುಕುವುದಾದರೂ ಹೇಗೆ? ಹಳೆಯ ತೀರ್ಪುಗಳಲ್ಲಿ ಎಸ್‌ಸಿಸಿಯ ಪ್ಯಾರಾ ಸಂಖ್ಯೆಯೂ ಎಐಆರ್ ಎಂಬ ಇನ್ನೊಂದು ವರದಿಯದೂ ಬೇರೆ ಬೇರೆ ಆಗಿರಬಹುದು. ಯಾವ ವರದಿಯನ್ನು ಓದಿದೆನೋ ಅದರದನ್ನೇ ಕೊಡಬೇಕು.

ನನಗೆ ಇನ್ನೂ ದೊಡ್ಡ ಪರೀಕ್ಷೆ ಎಡಿಎಂ ಜಬಲ್‌ಪುರ್ ಪ್ರಕರಣ, (1976) 2 ಎಸ್‌ಸಿಸಿ 521. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆ ಕೋರಿ ಹೈಕೋರ್ಟಿಗೆ ಹೋಗುವಂತಿಲ್ಲ ಎಂದ ನಾಲ್ವರ ಬಹುಮತವೂ, ಒಬ್ಬರೇ ನಿಂತು ಅದನ್ನು ಒಪ್ಪದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಭಿನ್ನಮತವೂ ಈ ಒಂದೇ ಸಂಖ್ಯೆಯಡಿ ಇವೆ. ಖನ್ನಾ ಅವರ ತೀರ್ಪನ್ನು ನಾನು ಬಹಳ ಪ್ರೀತಿಸುತ್ತೇನೆ. ಅದಕ್ಕೇ ‘ಭಿನ್ನಮತ’ ಎಂದು ಸೇರಿಸಲು ನನ್ನ ಮನಸ್ಸು ಹಿಂಜರಿಯುತ್ತದೆ, ವಾದದ ತೂಕ ಇಳಿದೀತೆಂಬ ಭಯ. ಆದರೆ ಆ ಪದ ಬಿಟ್ಟರೆ ಅವರು ಒಂಟಿಯಾಗಿ ನಿಂತ ಸಂಗತಿಯನ್ನೇ, ಎಂದರೆ ನಾನು ಮೆಚ್ಚಿದ್ದನ್ನೇ, ಅಳಿಸಿದಂತೆ. ಬಹುಮತದ ಆ ನಿಲುವನ್ನು 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದ ತೀರ್ಪು, (2017) 10 ಎಸ್‌ಸಿಸಿ 1, ತಳ್ಳಿಹಾಕಿತು. ಈ ರದ್ದತಿಯನ್ನೂ ಅದೇ ಟಿಪ್ಪಣಿಯಲ್ಲಿ ಹೇಳಬೇಕು.

ಉಲ್ಲೇಖದ ಕ್ರಮವನ್ನು ಕೈಪಿಡಿ ಕಲಿಸುತ್ತದೆ. ನನಗೆ ಬೇಕಾದ ಸಾಲನ್ನಷ್ಟೇ ಹೆಕ್ಕಿ, ಅದರ ಪಕ್ಕದ ಅನನುಕೂಲದ ಪ್ಯಾರಾ ಬಿಡುವ ಚಪಲವನ್ನು ನಾನೇ ಹಿಡಿಯಬೇಕು. ಈಗ ಪ್ರತಿ ತೀರ್ಪಿನ ಜೊತೆಗೂ ಅದೇ ಪುಟದಲ್ಲಿ ಎರಡು ಸಾಲು ಬರೆದಿಟ್ಟುಕೊಳ್ಳುತ್ತೇನೆ: ಈ ಮಾತು ಯಾರದು, ಇದಕ್ಕೆ ವಿರುದ್ಧವಾಗಿ ಅದೇ ಪೀಠದಲ್ಲಿ ಯಾರು ಏನೆಂದರು. ಎರಡನೆಯದನ್ನು ಬರೆಯುವ ಹೊತ್ತಿಗೆ ನನ್ನ ವಾದವನ್ನೇ ತಿದ್ದಬೇಕಾಗಿ ಬರುವುದುಂಟು.