ಹಿಂದಿನ ಓಣಿಯಿಂದ ಮೈಸೂರು

ಸಿಂಧನೂರು ಕಡೆಯ ಇಬ್ಬರು ಗೆಳೆಯರು ಫೋನ್ ಮಾಡಿ, "ನಾಳಿಗೆ ಕಡಕೊಳಕ್ಕ ಬರ್ತೀವಿ, ಒಂದಿನ ಮೈಸೂರು ತೋರಸ್ರಿ" ಅಂದಾಗ ನಮಗೆ ಖುಷಿಯ ಜೊತೆ ಸಣ್ಣ ಅಳುಕೂ ಆಯಿತು. ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಎಲ್ಲವನ್ನೂ ಹೈಸ್ಕೂಲು ಪ್ರವಾಸದಲ್ಲೇ ನೋಡಿ ಮುಗಿಸಿದವರು. "ಅರಮನಿ ಬಿಡ್ರಿ, ನೀವು ದಿನಾ ಅಡ್ಡಾಡೋ ಮೈಸೂರು ತೋರಸ್ರಿ" ಎಂದು ಪಟ್ಟು ಹಿಡಿದರು.

ನಾವು ದಿನಾ ಅಡ್ಡಾಡುವ ಮೈಸೂರು ಯಾವುದು? ನಂಜನಗೂಡು ರಸ್ತೆಯ ಹಳ್ಳಿಗಳವರಿಗೆ ಮೈಸೂರೆಂದರೆ ತಲೆಹೊರೆ ಇಳಿಸುವ ಜಾಗ. ಬಂಡಿಪಾಳ್ಯದ ಎಪಿಎಂಸಿ, ಆಸ್ಪತ್ರೆ, ಕಾಲೇಜು, ಬಸ್ ಸ್ಟ್ಯಾಂಡು. ಊರನ್ನು ನೋಡಲೆಂದೇ ನಾವು ಒಂದು ದಿನವೂ ಹೋದವರಲ್ಲ.

ಬೆಳಗಿನ ಚಾಮರಾಜನಗರ ರೈಲು ಹತ್ತಿ ಅಶೋಕಪುರಂನಲ್ಲೇ ಇಳಿದೆವು. ರೈಲ್ವೆ ವರ್ಕ್‌ಶಾಪ್ ಇರುವ ಬಡಾವಣೆ ಇದು. ಹಿಂದೆ ಆದಿಕರ್ನಾಟಕಪುರ ಎನ್ನುತ್ತಿದ್ದರು. ಅಂಬೇಡ್ಕರ್ ಪಾರ್ಕಿನ ಬೆಂಚಿನ ಮೇಲೆ ಕೂತು ಇಡ್ಲಿ ತಿಂದೆವು. ಪ್ರವಾಸಿಗರಿಗೆ ಕೊಡುವ ನಕ್ಷೆಯನ್ನು ಬಿಚ್ಚಿದ ಗೆಳೆಯ, "ಇದರೊಳಗ ಈ ಏರಿಯಾನೇ ಇಲ್ಲಲ್ಲ" ಅಂದ. ನಿಜ, ಇರಲಿಲ್ಲ. ಅಷ್ಟು ವರ್ಷ ಇದೇ ನಿಲ್ದಾಣ ದಾಟಿ ಕಾಲೇಜಿಗೆ ಹೋದ ನಮಗೆ ಅದು ಹೊಳೆದಿರಲೂ ಇಲ್ಲ.

ಅಲ್ಲಿಂದ ಚಾಮರಾಜಪುರಂ ಕಡೆ ನಡೆದೆವು. ಹೆಂಚಿನ ಮನೆ, ಮರದ ಕಂಬದ ಜಗಲಿ, ಮುಂದೆ ನೇರವಾದ ಅಗಲ ರಸ್ತೆ. ಫೋಟೋಗೆ ಹೇಳಿ ಮಾಡಿಸಿದ ಬೀದಿಗಳು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗ್ ಬಂದು ಊರು ತತ್ತರಿಸಿದ ಮೇಲೆ, 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಶುರುವಾಯಿತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಹೊಸ ಬಡಾವಣೆ ಮಾಡುವುದು ಅದರ ಕೆಲಸ. ಇಷ್ಟನ್ನು ನಾವು ಗೈಡುಗಳ ಹಾಗೆ ಜಂಬದಿಂದಲೇ ಹೇಳಿದೆವು.

ಗೆಳೆಯನ ಕಣ್ಣು ಮಾತ್ರ ಮನೆಗಳ ಬೆನ್ನಿಗಿದ್ದ ಕಿರಿದಾದ ಓಣಿಯ ಮೇಲಿತ್ತು. "ಇದ್ಯಾಕ ಹಿಂದ ಇನ್ನೊಂದು ದಾರಿ?" ಮೈಸೂರಿನವರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಮುಂದಿನ ಬೀದಿಗೆ ಬಾರದೆ, ಹಿಂದಿನಿಂದಲೇ ಬಂದು ಕಕ್ಕಸು ಬಳಿದು ಹೋಗಲಿ ಎಂದು ಬಿಟ್ಟ ದಾರಿ. ಹೇಳುವಾಗ ನಮ್ಮ ಜಂಬ ಇಳಿಯಿತು. ಆ ಕೆಲಸದವರು ಯಾವ ಕೇರಿಗಳಿಂದ ಬರುತ್ತಿದ್ದರು, ಅವರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ? ಅವನು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ.

ಅಗ್ರಹಾರದ ನೂರೊಂದು ಗಣಪತಿ ಗುಡಿಯಲ್ಲಿ ಐದು ನಿಮಿಷ. ಅರಮನೆಯನ್ನು ಹೊರಗಿನಿಂದಲೇ ನೋಡಿದೆವು. 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಮರದ ಹಳೇ ಅರಮನೆ ಸುಟ್ಟಿತು, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನದು 1912ಕ್ಕೆ ಮುಗಿಯಿತು. ಅದರ ಕಥೆ ಹೇಳಲು ಸಾವಿರ ಜನ ಇದ್ದಾರೆ, ನಾವು ಬೇಕಿಲ್ಲ.

ಕೆ.ಆರ್. ಸರ್ಕಲ್ ಹತ್ತಿರ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಕಾಲು ತಾನಾಗಿ ನಿಂತಿತು. 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ಕಟ್ಟಿದ್ದು. ನಮಗೆ ಆ ವೈಸರಾಯ್ ಯಾರೆಂದೂ ಗೊತ್ತಿರಲಿಲ್ಲ, ಹಳೇ ಪುಸ್ತಕದ ಅಂಗಡಿ ಗೊತ್ತಿತ್ತು ಅಷ್ಟೆ. ಪಿಯುಸಿಯ ಗೈಡು, ಯಾರದೋ ಹೆಸರು ಬರೆದಿದ್ದ ನಿಘಂಟು, ಎಲ್ಲ ಅರ್ಧ ಬೆಲೆಗೆ ಅಲ್ಲಿಂದಲೇ ತಂದದ್ದು. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು, ಅಂಗಡಿಗಳು ಮುಚ್ಚಿದವು.

ಎದುರಿಗೇ ದೇವರಾಜ ಮಾರುಕಟ್ಟೆ. ಮಲ್ಲಿಗೆ, ಸೇವಂತಿಗೆ, ವೀಳ್ಯದೆಲೆ, ಬಾಳೆಗೊನೆ, ಬಣ್ಣಬಣ್ಣದ ಕುಂಕುಮದ ಗೋಪುರಗಳು. ವಿದೇಶಿಯರು ಅವುಗಳ ಮುಂದೆ ಕ್ಯಾಮೆರಾ ಹಿಡಿದು ಬಗ್ಗಿ ನಿಂತಿರುತ್ತಾರೆ. ನಮ್ಮಿಬ್ಬರಲ್ಲಿ ಒಬ್ಬರ ಅಜ್ಜಿ ಮೂವತ್ತು ವರ್ಷ ಇಲ್ಲಿ ಸೊಪ್ಪು ಮಾರಿದವರು. ಒಳಗಲ್ಲ, ಹೊರಗಿನ ಮೆಟ್ಟಿಲ ಪಕ್ಕ, ಗೋಣಿಚೀಲ ಹಾಸಿಕೊಂಡು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. 2016ರ ಆಗಸ್ಟಿನಲ್ಲಿ ಈ ಮಾರುಕಟ್ಟೆಯ ಒಂದು ಬದಿ ಕುಸಿದಾಗ ನಾವು ಒಂದು ದೊಡ್ಡ ವರದಿ ಬರೆದಿದ್ದೆವು. ಕಮಾನು, ಗಾರೆ, ಕಟ್ಟಡದ ವಯಸ್ಸು, ಕೆಡವಬೇಕು ಎನ್ನುವವರ ವಾದ, ದುರಸ್ತಿ ಸಾಕು ಎನ್ನುವವರ ವಾದ, ಮಳಿಗೆದಾರರ ಅಳಲು, ಎಲ್ಲ ಇತ್ತು. ಆ ಜಗಳ ಮುಂದೆ ಹೈಕೋರ್ಟಿನವರೆಗೂ ಹೋಯಿತು. ಆದರೆ ಮಳಿಗೆ ಇಲ್ಲದವರು, ಅಂದರೆ ಬುಟ್ಟಿ ಇಟ್ಟುಕೊಂಡು ಹೊರಗೆ ಕೂರುವ ಹಳ್ಳಿ ಹೆಂಗಸರ ಬಗ್ಗೆ ಒಂದು ಸಾಲೂ ಇರಲಿಲ್ಲ. ಬರೆದವರಲ್ಲೊಬ್ಬರ ಹಾಸ್ಟೆಲ್ ಫೀಸು ಅದೇ ಬುಟ್ಟಿಯಿಂದ ಬಂದಿತ್ತು. ವರದಿಗೆ ಮೇಷ್ಟ್ರು ಒಳ್ಳೇ ಮಾತು ಹೇಳಿದ್ದರು ಬೇರೆ.

ಸಂಜೆ ದೊಡ್ಡ ಗಡಿಯಾರದ ಕೆಳಗೆ ಕಡಲೆಕಾಯಿ ತಿಂದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಎದ್ದದ್ದು. ಮುಖದ ಮೇಲೆ ಕನ್ನಡ ಅಂಕಿಗಳು. ಗೆಳೆಯರು ಎಳೆಮಕ್ಕಳ ಹಾಗೆ ಒಂದೊಂದೇ ಅಂಕಿ ಓದಿ ಹೊತ್ತು ಹೇಳಿದರು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ, "ಏನೇನ್ ನೋಡುದ್ರಪ್ಪಾ?" ಅಂತ ವಿಚಾರಿಸಿದರು. ಗೆಳೆಯ ಮಾರುಕಟ್ಟೆಯ ಹೆಸರೆತ್ತಿ, "ಅಜ್ಜೀ, ಅದನ್ನ ಕೆಡವಿ ಹೊಸಾದು ಕಟ್ಟಬೇಕೋ, ಇದ್ದದ್ದೇ ರಿಪೇರಿ ಮಾಡಬೇಕೋ? ನೀವೇನಂತೀರಿ?" ಅಂದ.

ಅಜ್ಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದರು. "ಏನಾರ ಮಾಡ್ಕಳ್ಳಿ ಮಗಾ. ಸೊಪ್ಪಿನೋರು ಎಲ್ಲಿ ಕೂತ್ಕಬೇಕು ಅಂತ ಯಾರ್‌ನಾದ್ರೂ ಕೇಳ್ಕಂಡ್ ಬಂದ್ರಾ?"

ಕೇಳಿಕೊಂಡು ಬಂದಿರಲಿಲ್ಲ. ಗೆಳೆಯರ ಬಸ್ಸು ಮರುದಿನ ಮಧ್ಯಾಹ್ನಕ್ಕಿತ್ತು. ಬೆಳಗಿನ ಐದೂವರೆಗೆ ಅಲಾರಂ ಇಟ್ಟು ಮಲಗಿದೆವು. ಸೊಪ್ಪಿನವರು ಮಾರುಕಟ್ಟೆ ಹತ್ತಿರ ಬಂದಿಳಿಯುವುದು ಆ ಹೊತ್ತಿಗೇ.