ಗರಗಸದ ಬಾಯಿಯ ಸಂದಿ

ಇಳಕಲ್ ಎಂದರೆ ನಿಮಗೆ ಸೀರೆ, ಕೆಂಪು ಗ್ರಾನೈಟ್ ನೆನಪಾಗಬಹುದು. ನನಗೆ ಮೊದಲು ಕೇಳಿಸುವುದು ಹಿತ್ತಲಿನ ಗರಗಸದ ಸದ್ದು. ನನ್ನ ಪತಿ ಬಡಗಿ.

ಕಳೆದ ಶಾಬಾನಿನಲ್ಲಿ ಹುನಗುಂದದ ಒಂದು ಮನೆಯ ಕಪಾಟಿಗೆ ಬೀಡಿಂಗ್ ಸೀಳುತ್ತಿದ್ದರು. ತೆಳು ಪಟ್ಟಿಯೊಂದು ಬ್ಲೇಡಿನ ಪಕ್ಕದ ಸಂದಿಗೆ ಜಾರಿ, ಹಲ್ಲಿಗೆ ಸಿಕ್ಕಿ, ಬಾಣದಂತೆ ಹಿಂದಕ್ಕೆ ಹಾರಿತು. ಕೈಜೋಡಿಸಲು ನಿಂತಿದ್ದ ಮಗನ ಹುಬ್ಬಿಗೆ ಎರಡು ಹೊಲಿಗೆ. ಕಣ್ಣು ಉಳಿಯಿತು, ಅಲ್‌ಹಮ್ದುಲಿಲ್ಲಾಹ್.

ಬ್ಲೇಡನ್ನು ಓರೆ ಮಾಡಲೂ ಜಾಗ ಬೇಕೆಂದು ಯಂತ್ರದ ಜೊತೆ ಬರುವ ಪ್ಲೇಟಿನ ಸೀಳು ಅಗಲವಾಗಿರುತ್ತದೆ. "ಆ ಸಂದಿ ಮುಚ್ಚೋ ತನಕ ಮಷಿನ್ ಚಾಲೂ ಮಾಡಬ್ಯಾಡ್ರಿ" ಎಂದೆ. "ಇಪ್ಪತ್ತು ವರ್ಷದಿಂದ ಹಿಂಗ ನಡದೈತಿ" ಎಂದು ಸಿಡುಕಿದರು. ಮರುದಿನ ಫಜರ್ ಮುಗಿಸಿ ಬಂದವರೇ ಹಳೆಯ ಪ್ಲೇಟನ್ನು ಅಚ್ಚಾಗಿಟ್ಟು ಪ್ಲೈವುಡ್ ಕತ್ತರಿಸಿದರು. ಹಸಿ ಹವೆಗೆ ಮರ ಉಬ್ಬುತ್ತದೆ, ಒಳ್ಳೆಯ ಪ್ಲೈವುಡ್ ಅಷ್ಟು ಉಬ್ಬುವುದಿಲ್ಲವಂತೆ.

ಹೊಸ ಪ್ಲೇಟು ಮೇಜಿನ ಸಮಕ್ಕೆ ಕೂರಬೇಕು. ಕೂದಲೆಳೆಯಷ್ಟು ಎದ್ದರೂ ಹಲಗೆ ತಡೆಯುತ್ತದೆ. ಮೂಲೆಗಳಲ್ಲಿ ಚಿಕ್ಕ ಸ್ಕ್ರೂ ಹಾಕಿ, ತಿರುಗಿಸಿ ತಿರುಗಿಸಿ ಎತ್ತರ ಹೊಂದಿಸಲು ಅರ್ಧ ದಿನ ಹೋಯಿತು. ಆಮೇಲೆ ಬ್ಲೇಡನ್ನು ಪೂರ್ತಿ ಕೆಳಗಿಳಿಸಿ, ಅದು ಏಳುವ ಜಾಗ ಬಿಟ್ಟು ಪ್ಲೇಟಿನ ಮೇಲೆ ಹಲಗೆಯಿಟ್ಟು ಕ್ಲಾಂಪಿನಿಂದ ಬಿಗಿದು, ಯಂತ್ರ ಚಾಲೂ ಮಾಡಿ ಬ್ಲೇಡನ್ನು ನಿಧಾನವಾಗಿ ಮೇಲೆತ್ತಿದರು. ತನ್ನ ಹಲ್ಲಿನ ಅಗಲದಷ್ಟೇ ಸೀಳನ್ನು ಅದು ತಾನೇ ಕೊರೆದುಕೊಂಡಿತು. ಕ್ಲಾಂಪಿನ ಬದಲು ಕೈಯಿಂದ ಒತ್ತಿ ಹಿಡಿಯುವವರೂ ಇದ್ದಾರೆ. ನಿಮ್ಮ ಮನೆಯವರು ಹಾಗೆ ಮಾಡಿದರೆ ದಯವಿಟ್ಟು ಜಗಳವಾಡಿ.

ಓರೆ ಕೊಯ್ತಕ್ಕೆ ಬೇರೆಯೇ ಪ್ಲೇಟು ಮಾಡಿಟ್ಟಿದ್ದಾರೆ. ಹಲಗೆಯ ಕೆಳ ಅಂಚಿನಲ್ಲಿ ಸಿಬಿರು ಏಳುವುದೂ ಕಡಿಮೆಯಾಗಿದೆ. ಮಗನಿಗೆ ನಾನು ರಕ್ಷಣೆಯ ಕನ್ನಡಕ ತರಿಸಿದ್ದೇನೆ. ಅದಿಲ್ಲದೆ ಹಿತ್ತಲ ಬಾಗಿಲು ದಾಟಲು ಬಿಡುವುದಿಲ್ಲ.